ಗುಂಗ್ಯಾನ ಜಾವಳ

ಇವತ್ತು ಐದು ಗಂಟೆಗೆ ಎದ್ದೆ. ನಳ ಬರುವ ದಿನ, ಒಂದು ಹಂಡೆ, ಎರಡು ಕೊಡ, ನಾಲ್ಕು ಬಕೆಟ್ ತುಂಬಿದೆ. ಜೋಳ ಹಸನು ಮಾಡಿ ಗಿರಣಿಗೆ ಕಳಿಸಿದೆ. ಮನೆಯವರಿಗೆ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ ಬುತ್ತಿ ಕಟ್ಟಿದೆ. ಎರಡು ಜಂಪರಿಗೆ ಹುಕ್ಕು ಹಚ್ಚಿದೆ, ಒಂದರ ತೋಳು ಬಿಚ್ಚಿ ಮತ್ತೆ ಕೂಡಿಸಿದೆ. ನಮ್ಮ ನಾಯಿ ಗುಂಗ್ಯಾನನ್ನು ಕಟ್ಟೆಯ ಮೇಲೆ ಕೂರಿಸಿ ಬಾಚಿದೆ. ಮೊದಲು ಕಿವಿಯ ಹಿಂದೆ, ಆಮೇಲೆ ಬಗಲು, ಕೊನೆಗೆ ಬಾಲ. ಈ ಕ್ರಮ ತಪ್ಪಿದರೆ ಅವನು ಎದ್ದು ಹೋಗುತ್ತಾನೆ, ಮತ್ತೆ ಕರೆದರೆ ಬರುವುದಿಲ್ಲ. ಮಧ್ಯಾಹ್ನ ಟ್ರಂಕಿನಿಂದ ಅತ್ತೆಯ ಕಂಬಳಿ ತೆಗೆದು ಮಾಳಿಗೆಯ ಮೇಲೆ ಬಿಸಿಲಿಗೆ ಹಾಕಿದೆ. ಹೊಲಿಗೆಯಲ್ಲಿ ಮೈಮರೆತು ಕುಳಿತಾಗ ಮಳೆ ಬಂದುಬಿಟ್ಟಿತು. ಓಡಿ ಹೋಗಿ ತರುವಷ್ಟರಲ್ಲಿ ಕಂಬಳಿ ಅರ್ಧ ತೊಯ್ದಿತ್ತು.

ಅದನ್ನು ಪಡಸಾಲೆಯ ಹಗ್ಗದ ಮೇಲೆ ಹರವಿದೆ. ತೊಯ್ದ ಉಣ್ಣೆಯ ವಾಸನೆ ಮನೆ ತುಂಬಿತು. ಗುಂಗ್ಯಾನಿಗೆ ಈಗ ವಯಸ್ಸಾಗಿದೆ, ಕಣ್ಣು ಮಂಜಾಗಿವೆ, ಮೂಗು ಮಾತ್ರ ಚುರುಕು. ಮೆಲ್ಲಗೆ ಎದ್ದು ಬಂದ, ಜೋತುಬಿದ್ದ ಅಂಚಿಗೆ ಮೂಗು ಹಚ್ಚಿದ, ಅದರ ಕೆಳಗೇ ಸುತ್ತಿಕೊಂಡು ಮಲಗಿದ. ಅವನಿಗೇನು ನೆನಪಾಯಿತೋ ಗೊತ್ತಿಲ್ಲ. ನನಗೆ ಮಾಂಜ್ರಾ ನದಿ ಒಣಗಿದ ವರ್ಷ ನೆನಪಾಯಿತು.

ಬರದ ಎರಡನೆಯ ವರ್ಷ ಅದು. ಬೀದರಿನ ನಮ್ಮ ಓಣಿಗೆ ನಳದ ನೀರು ಹತ್ತು ದಿನಕ್ಕೊಮ್ಮೆ ಬಂದರೆ ಬಂತು, ಇಲ್ಲದಿದ್ದರೆ ಟ್ಯಾಂಕರ್. ಅಕ್ಕಿ ತೊಳೆದ ನೀರಲ್ಲಿ ಪಾತ್ರೆ, ಪಾತ್ರೆ ತೊಳೆದ ನೀರಲ್ಲಿ ಅಂಗಳ. ಕೆಲಸ ಹುಡುಕಿಕೊಂಡು ಹೈದರಾಬಾದಿಗೆ ಹೋದ ಮೂರು ಮನೆಯವರ ಬೀಗದ ಕೈಗಳು ನಮ್ಮ ಗೋಡೆಯ ಮೊಳೆಗೆ ಬಂದು ಕೂತಿದ್ದವು. ಮನೆಯಲ್ಲಿ ನಾವು ಮೂವರು. ಚೌಬಾರಾದ ಹತ್ತಿರ ಗಡಿಯಾರ ರಿಪೇರಿ ಅಂಗಡಿ ಇಟ್ಟುಕೊಂಡ ನಮ್ಮ ಮನೆಯವರು, ಜಂಪರ್ ಹೊಲಿಯುವ ನಾನು, ಎಪ್ಪತ್ತು ದಾಟಿದ ನಮ್ಮ ಅತ್ತೆ. ಎಲ್ಲರಿಗಿಂತ ಮೊದಲು ಏಳುವವರೂ ಎಲ್ಲರಿಗಿಂತ ಕೊನೆಗೆ ಮಲಗುವವರೂ ಅತ್ತೆಯೇ. ನಾನು ಸೊಸೆಯಾಗಿ ಬಂದಂದಿನಿಂದ ಅವರು ನಿದ್ದೆ ಮಾಡಿದ್ದನ್ನೇ ಸರಿಯಾಗಿ ನೋಡಿರಲಿಲ್ಲ.

ಶಿವರಾತ್ರಿ ಕಳೆದ ವಾರ ನನ್ನ ತಮ್ಮ ಗುರುಪಾದ ಭಾಲ್ಕಿಯಿಂದ ಬಸ್ಸಿನಲ್ಲಿ ಬಂದ. ಕಂಕುಳಲ್ಲಿ ಸಂತೆ ಚೀಲ. ಚೀಲದ ಬಾಯಿಂದ ಎರಡು ಕಪ್ಪು ಕಣ್ಣು, ಸುತ್ತ ಬೆಲ್ಲದ ಬಣ್ಣದ ಗುಂಗುರು ಕೂದಲು.

"ಅಕ್ಕಾ, ಕಂಡಕ್ಟರ್ ಕೇಳಿದ, 'ಏನ್ರಿ ಇದು, ಕುರಿ ಮರಿಯೋ ನಾಯಿ ಮರಿಯೋ?' ಅಂತ. ನೀವೇ ನೋಡಿ ಟಿಕೆಟ್ ಹರೀರಿ ಅಂದೆ."

ಅವನದು ಭಾಲ್ಕಿಯಲ್ಲಿ ಫೋಟೋ ಸ್ಟುಡಿಯೋ. ಮೇಲಿನ ಮನೆಯಲ್ಲಿ ಬಾಡಿಗೆಗಿದ್ದ ಮೇಷ್ಟ್ರು ದಂಪತಿ ಪುಣೆಗೆ ಹೋಗುವಾಗ ನಾಯಿಯನ್ನು ಅವನ ಕೈಗೆ ಕೊಟ್ಟಿದ್ದರು. ಅಲ್ಲಿಯ ಮನೆ ಮಾಲೀಕರು ನಾಯಿ ಒಲ್ಲೆ ಎಂದಿದ್ದರಂತೆ. ಪೂಡಲ್ ಜಾತಿಯ ಬೆರಕೆ. ಅದರ ಕೂದಲು ಉದುರುವುದಿಲ್ಲ, ಬೆಳೆಯುತ್ತಲೇ ಇರುತ್ತದೆ. ದಿನಾ ಬಾಚಬೇಕು, ಎರಡು ತಿಂಗಳಿಗೊಮ್ಮೆ ಕತ್ತರಿಸಬೇಕು ಎಂದೆಲ್ಲ ಅವರು ಹೇಳಿಕೊಟ್ಟಿದ್ದರು. ಗುರುಪಾದ ತಂತಿಯ ಬಾಚಣಿಗೆ ಕೊಟ್ಟ, ಬಾಚುವುದನ್ನು ಹೇಳಿದ, ಕತ್ತರಿಸುವುದನ್ನು ಹೇಳಲು ಮರೆತ.

ಅತ್ತೆ ಬಾಗಿಲಲ್ಲಿ ನಿಂತು ಚೀಲವನ್ನೂ ತಮ್ಮನನ್ನೂ ನೋಡಿದರು. "ಮನುಷ್ಯಾರಿಗೇ ನೀರಿಲ್ಲ, ಇದಕ್ಕೆಲ್ಲಿಂದ ತರ್ತಿ ಶಾಂತಾ? ಇದನ್ನ ಇಟ್ಕೋತಿ ಅಂದ್ರ ತಮ್ಮನ್ನೂ ಇದರ ಬಾಜೂಕ ಕಟ್ಟು. ಇಬ್ಬರಿಗೂ ಒಂದೇ ಬೋಗಾಣಿ ಸಾಕು."

"ನಾ ಕಡಿಮಿ ಕುಡೀತೇನ್ರಿ ಅತ್ತಿ," ಎಂದ ಗುರುಪಾದ.

ಚೀಲದಿಂದ ಇಳಿದ ನಾಯಿ ನೇರ ಹೋಗಿ ಅತ್ತೆಯ ಕಾಲ ಮೇಲೆ ಕೂತಿತು. ಕಾಲಿನ ಹತ್ತಿರವಲ್ಲ, ಕಾಲ ಮೇಲೆ. ಅವರು ಕಾಲು ತೆಗೆಯಲಿಲ್ಲ. ಮೇಷ್ಟ್ರ ಮನೆಯಲ್ಲಿ ಅದರ ಹೆಸರು ಟೆಡಿ. ನಮ್ಮಲ್ಲಿ ಸಂಜೆಯ ಹೊತ್ತಿಗೆ ಗುಂಗ್ಯಾ ಆಗಿತ್ತು, ಮೂರು ದಿನದಲ್ಲಿ ಅದು ಹೋಗಿ ಅವನು ಆಗಿದ್ದ. ನೀರಿಲ್ಲ ಎಂದವರೇ ತಮ್ಮ ತಂಬಿಗೆಯಲ್ಲಿ ಎರಡು ಗುಟುಕು ಉಳಿಸಿ ಅವನ ಬೋಗಾಣಿಗೆ ಸುರಿಯುವುದನ್ನು ನಾನು ಕಂಡೂ ಕಾಣದಂತೆ ಇರುತ್ತಿದ್ದೆ.

ಬೆಳಿಗ್ಗೆ ಅವನು ಓಣಿಗೆ ಹೋಗಿ ಬೀಗ ಹಾಕಿದ ಮೂರೂ ಮನೆಗಳ ಹೊಸ್ತಿಲು ಮೂಸಿ ಬರುತ್ತಿದ್ದ. ಬರುವಾಗ ಮೈತುಂಬ ಉತ್ತರಾಣಿ ಬೀಜ, ಮುಳ್ಳು, ಕೆಂಪು ಧೂಳು. ಒಂದು ವಾರ ದಿನಾ ಬಾಚಿದೆ. ಆಮೇಲೆ ಮದುವೆಗಳು ಶುರುವಾದವು. ಬರ ಬಂದರೂ ಮದುವೆ ನಿಲ್ಲುವುದಿಲ್ಲ, ಮದುವೆ ಬಂದರೆ ಜಂಪರ್ ನಿಲ್ಲುವುದಿಲ್ಲ. ಇವತ್ತು ಬೇಡ, ನಾಳೆ ಬಾಚಿದರಾಯಿತು ಎಂದು ದಿನ ದೂಡಿದೆ. ಅವನ ಒಣಗಿದ ಕೂದಲು ಅತ್ತೆಗೆ ನೋಡಲಾಗಲಿಲ್ಲ. ಕೂಸುಗಳ ನೆತ್ತಿಗೆ ಹಚ್ಚುವ ಹಾಗೆ ಔಡಲ ಎಣ್ಣೆ ಬಿಸಿ ಮಾಡಿ, ಮೈತುಂಬ ತಿಕ್ಕಿದರು. ಎಣ್ಣೆಯನ್ನು ತೊಳೆಯಲು ನೀರಿಲ್ಲ ಎನ್ನುವುದು ಇಬ್ಬರಿಗೂ ಹೊಳೆಯಲಿಲ್ಲ. ಎಣ್ಣೆಯ ಮೇಲೆ ಧೂಳು, ಧೂಳಿನ ಮೇಲೆ ಮತ್ತೆ ಎಣ್ಣೆ. ಯುಗಾದಿ ದಾಟುವಷ್ಟರಲ್ಲಿ ಬಾಚಣಿಗೆ ಒಳಗೆ ಇಳಿಯದಾಯಿತು. ಕಿವಿಯ ಹಿಂದೆ, ಕುತ್ತಿಗೆಯ ಸುತ್ತ, ಬೆನ್ನ ಮೇಲೆ ಬೆರಳು ದಪ್ಪದ ಗಂಟುಗಳು ಜೋತುಬಿದ್ದವು.

ಒಂದು ದಿನ ನಾನು ಹೊಲಿಗೆಯ ಕತ್ತರಿ ಹಿಡಿದು ಅವನನ್ನು ಕರೆದೆ. ಅತ್ತೆ ಬಂದು ನನ್ನ ಮಣಿಕಟ್ಟು ಹಿಡಿದರು. ಅಷ್ಟು ಗಟ್ಟಿಯಾಗಿ ಅವರು ನನ್ನನ್ನು ಎಂದೂ ಹಿಡಿದಿರಲಿಲ್ಲ.

"ಜಟಿ ಬಂದದ ಅದಕ್ಕ. ಕತ್ತರಿ ಹಚ್ಚಬ್ಯಾಡ."

"ನಾಯಿಗೆಲ್ಲಿ ಜಟಿ ಬರ್ತದ್ರಿ ಅತ್ತಿ? ಎಣ್ಣಿ, ಧೂಳ ಕೂಡಿ ಗಂಟಾಗ್ಯಾದ."

"ಎಲ್ಲಾರೂ ಮೊದಲ ಹಂಗೇ ಅಂತಾರ."

ನನಗೆ ಕಾರಣ ಗೊತ್ತಿತ್ತು. ಅತ್ತೆಯ ತವರು ಭಾಲ್ಕಿ ತಾಲ್ಲೂಕಿನ ಮೆಹಕರ. ಅವರಿಗೊಬ್ಬ ಅಕ್ಕ ಇದ್ದಳು, ಗಂಗವ್ವ. ಹದಿನೈದರ ವಯಸ್ಸಿನಲ್ಲಿ ಅವಳ ತಲೆಗೂದಲು ಜಟೆಗಟ್ಟಿತು. ದೇವಿ ಬಂದಿದ್ದಾಳೆಂದು ಮಂದಿ ಅರಿಶಿನ ಹಚ್ಚಿ ಕೈಮುಗಿದರು. ಯಾರೋ ಒಂದು ದಿನ ಆ ಜಟೆ ಕತ್ತರಿಸಿದರು, ಐದನೆಯ ದಿನಕ್ಕೆ ಗಂಗವ್ವ ಹೋದಳು. ನಮ್ಮ ಮನೆಯಲ್ಲಿ ಇದು ಇಷ್ಟೇ ಮಾತಿನಲ್ಲಿ ಹೇಳುವ ಕಥೆ. ಅತ್ತೆ ಬೆಳಿಗ್ಗೆ ಲಿಂಗಪೂಜೆ ಬಿಟ್ಟರೆ ಬೇರೆ ದೇವರ ಗೊಡವೆಗೆ ಹೋದವರಲ್ಲ. ತಾಯತ, ದೃಷ್ಟಿ ಯಾವುದನ್ನೂ ನಂಬದವರು. ಜಟೆ ಒಂದನ್ನು ಮಾತ್ರ ನಂಬುತ್ತಿದ್ದರು, ಅದೂ ಭಕ್ತಿಯಿಂದಲ್ಲ, ಹೆದರಿಕೆಯಿಂದ.

ಮರುದಿನ ಮೊಳೆಗೆ ತೂಗುಹಾಕಿದ ಕತ್ತರಿ ಇರಲಿಲ್ಲ. ಹೊಲಿಯಲು ಕೂತಾಗ ಕೇಳಬೇಕು, ಅವರು ಅಕ್ಕಿ ಡಬ್ಬಿಯಿಂದ ತೆಗೆದು ಕೊಡುತ್ತಾರೆ. ಕೆಲಸ ಮುಗಿದ ಕೂಡಲೇ ಕೈಚಾಚುತ್ತಾರೆ. ಗುಂಗ್ಯಾನ ಕುತ್ತಿಗೆಯ ಗಂಟಿಗೆ ಒಂದು ಚಿಟಿಕೆ ಅರಿಶಿನ ಬಿದ್ದಿತು. ನಮ್ಮ ಮನೆಯವರು ಅದನ್ನು ನೋಡಿ, "ಅವ್ವಾ, ನಾಳಿಂದ ಓಣಿ ಮಂದಿ ಕಾಯಿ ಒಡಿಯಾಕ ಬರ್ತಾರ ನೋಡು," ಎಂದು ನಕ್ಕರು. ಅತ್ತೆ ನಗಲಿಲ್ಲ.

ಹತ್ತು ಹನ್ನೆರಡು ದಿನದಲ್ಲಿ ಗುಂಗ್ಯಾ ಹೊಸ್ತಿಲು ಮೂಸಲು ಹೋಗುವುದನ್ನು ಬಿಟ್ಟ. ತಲೆ ಒಂದು ಪಕ್ಕಕ್ಕೆ ವಾಲಿಸಿಕೊಂಡು ಗೋಡೆಗೆ ಒರಗಿ ಕೂರುತ್ತಿದ್ದ. ರೊಟ್ಟಿಯನ್ನು ಮೂಸಿ ಬಿಟ್ಟ. ಬಲಗಿವಿಯ ಹತ್ತಿರ ಹೋದರೆ ಕೆಟ್ಟ ನಾತ. ಮನೆಯವರು ಅವನನ್ನು ದನದ ದವಾಖಾನೆಗೆ ಒಯ್ದರು. ಅಲ್ಲಿಯ ಡಾಕ್ಟರು, ಈ ಗಂಟು ತೆಗೆಯದೆ ಚರ್ಮ ಕಾಣುವುದಿಲ್ಲ ಎಂದು ಕೂದಲು ಬೋಳಿಸುವ ಮಷೀನು ಹಚ್ಚಿದರೆ, ಅದು ಎಣ್ಣೆ ಧೂಳಿನ ಗಂಟಿನಲ್ಲಿ ಸಿಕ್ಕಿ ನಿಂತಿತು. ಎರಡು ದಿನ ಬಿಟ್ಟು ಕರೆತನ್ನಿ, ಸೂಜಿ ಕೊಟ್ಟು ಮಲಗಿಸಿ ಕತ್ತರಿಯಿಂದಲೇ ತೆಗೆಯೋಣ ಎಂದರು. ಇಷ್ಟನ್ನು ಮನೆಯವರು ನನಗೊಬ್ಬಳಿಗೆ ಹೇಳಬಹುದಿತ್ತು. ಗಡಿಯಾರದ ಮನುಷ್ಯ, ಮಷೀನಿನ ಸುದ್ದಿ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಊಟಕ್ಕೆ ಕೂತು, "ಹಲ್ಲಿನಾಗ ಕೂದಲ ಸಿಕ್ತು, ಗರ್ ಅಂತು, ಖಲಾಸ್, ನಿಂತೇಬಿಡ್ತು!" ಎಂದು ಕೈ ತಿರುಗಿಸಿ ತೋರಿಸಿದರು.

ಅತ್ತೆಯ ಕೈಯ ತುತ್ತು ತಾಟಿಗೆ ಬಿತ್ತು. "ನೋಡಿದಿ ಶಾಂತಾ? ಕರೆಂಟಿನ ಮಷೀನ್ ಸುದ್ದಾ ನಿಂತದ. ಇನ್ನ ಇದರ ತಂಟೇಕ್ ಯಾರೂ ಹೋಗಬ್ಯಾಡ್ರಿ."

ಆ ರಾತ್ರಿ ನಾನು ಗಂಡನೊಂದಿಗೆ ಮಾತಾಡಲಿಲ್ಲ. ಅತ್ತೆಯ ಮಾತು ಮೀರಬೇಕೋ, ನಾಯಿಯನ್ನು ಕಳೆದುಕೊಳ್ಳಬೇಕೋ? ಎರಡೂ ನನ್ನಿಂದಾಗುವ ಕೆಲಸವಾಗಿರಲಿಲ್ಲ.

ಮರುದಿನ ಮನ್ನಳ್ಳಿಗೆ ಹೋಗುವುದಿತ್ತು. ಅಲ್ಲಿ ನಮ್ಮದು ಎರಡೂವರೆ ಎಕರೆ ಹೊಲ. ಪ್ರತಿ ಬೇಸಿಗೆಯಲ್ಲಿ ಔರಾದ ಕಡೆಯ ಡಾಬಕಾದಿಂದ ಮಾಳಪ್ಪ ಕುರಿ ಹೊಡೆದುಕೊಂಡು ಬಂದು ಒಂದು ವಾರ ಹೊಲದಲ್ಲಿ ಮಂದೆ ನಿಲ್ಲಿಸುತ್ತಾನೆ; ಹೊಲಕ್ಕೆ ಗೊಬ್ಬರ, ಅವನಿಗೆ ಕಾಳು, ರೊಟ್ಟಿ. ಆ ವರ್ಷ ಅವನ ಕಡೆ ಹುಲ್ಲಿನ ಕಡ್ಡಿಯೂ ಇಲ್ಲದೆ ತಿಂಗಳು ಮೊದಲೇ ಬಂದಿದ್ದ. ಅವನಿಗೆ ಬುತ್ತಿ ಒಯ್ಯುವುದು ಅತ್ತೆಯೇ, ಅದು ಅವರ ವಾಡಿಕೆ. ಗುಂಗ್ಯಾನನ್ನು ಒಬ್ಬನನ್ನೇ ಬಿಡಲು ಮನಸ್ಸಾಗದೆ ಟವೆಲಿನಲ್ಲಿ ಸುತ್ತಿ ಜೊತೆಗೆ ಒಯ್ದೆ. ನನ್ನ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಮಾಳಪ್ಪ ಬೇವಿನ ನೆರಳಲ್ಲಿ ಕುರಿಯೊಂದನ್ನು ಮಗ್ಗುಲಾಗಿ ಕೆಡವಿ, ಕಾಲುಗಳ ನಡುವೆ ಒತ್ತಿ ಹಿಡಿದು ಉಣ್ಣೆ ಕತ್ತರಿಸುತ್ತಿದ್ದ. ಮೊಳದುದ್ದದ ಕತ್ತರಿ ಕಚ್ ಕಚ್ ಎನ್ನುತ್ತಿತ್ತು. "ಈ ವರ್ಷ ತೊಳೀಲಾರದೇ ಕತ್ತರಿಸ್ತೇನ್ರಿ ಅವ್ವಾರ. ಮಾಂಜ್ರಾದಾಗ ಕುರಿ ಕಾಲೂ ಮುಳಗಾಂಗಿಲ್ಲ," ಎಂದವನು ನನ್ನ ಕೈಯ ಗಂಟು ನೋಡಿದ. "ಮರಿ ಏನ್ರಿ?"

"ನಾಯಿ," ಎಂದೆ.

ಕತ್ತರಿ ಕೆಳಗಿಟ್ಟು ಗುಂಗ್ಯಾನ ಕಿವಿಯ ಹತ್ತಿರ ಮೂಗು ತಂದ. ಮುಖ ಸಿಂಡರಿಸಿದ. ಎರಡು ಹೆಬ್ಬೆರಳಿನಿಂದ ಗಂಟನ್ನು ಬುಡದಲ್ಲಿ ಅಗಲಿಸಿ, "ಅವ್ವಾರ, ಇಲ್ಲಿ ಬರ್ರಿ. ನೋಡ್ರಿ," ಎಂದ.

ಅತ್ತೆ ಬಗ್ಗಿ ನೋಡಿದರು. ಹಸಿ ಗಾಯ, ಅದರಲ್ಲಿ ಅಕ್ಕಿಕಾಳಿನಂಥ ಬಿಳಿ ಹುಳ ಮಿಜಿಮಿಜಿ ಎನ್ನುತ್ತಿದ್ದವು.

"ಜಟಿ ಅದ ಮಾಳಪ್ಪ ಅದು," ಎಂದರು ಅತ್ತೆ. ದನಿ ಮಾತ್ರ ಮೊದಲಿನಂತಿರಲಿಲ್ಲ.

"ಇರ್ಲಿರಿ. ನಮ್ಮ ಕುರಿಗೂ ಬರ್ತದ. ಮುಳ್ಳ ಚುಚ್ಚಿ ಗಾಯ ಆಗ್ತದ, ಕೂದಲ ಗಂಟಾಗಿ ಗಾಳಿ ಆಡಾಂಗಿಲ್ಲ, ನೊಣ ಕೂಡ್ತದ. ಇದು ಎಂಟ್ ಹತ್ತ್ ದಿನದ್ದು. ಇನ್ನ ನಾಕ್ ದಿನ ಬಿಟ್ರ ಕಿವಿ ಒಳಗ ಇಳೀತಾವ. ಆಮ್ಯಾಗ ನನ್ನ ಕಡಿಂದೂ ಆಗಾಂಗಿಲ್ಲ."

"ಎಂಟ್ ಹತ್ತ್ ದಿನದ್ದು," ಎಂದರು ಅತ್ತೆ. "ಅಂದ್ರ ಕತ್ತರಿ ಹಚ್ಚೂಕಿನ ಮೊದಲೇ ಅದ?"

"ಕತ್ತರಿ ಇನ್ನಾ ಹಚ್ಚೇ ಇಲ್ಲಲ್ರಿ ಅವ್ವಾರ?"

"ಮೊದಲೇ ಅದ ಅಂತ ಹೇಳು."

"ಮೊದಲೇ ಅದರಿ."

ಅವರು ಅದನ್ನು ಎರಡು ಸಲ ಯಾಕೆ ಕೇಳಿದರೆಂದು ನನಗೆ ತಿಳಿಯಲಿಲ್ಲ. ಬೇವಿನ ಬುಡದಲ್ಲಿ ಕೂತರು. ಸೆರಗಿನ ತುದಿಯಿಂದ ಮುಖ ಒರೆಸಿಕೊಂಡರು. ನನ್ನ ಕಡೆ ತಿರುಗಿ, "ಗುರುಪಾದಗ ಫೋನ್ ಹಚ್ಚು," ಎಂದರು. "ಜಟಿ ಕತ್ತರಿಸೂದು ಬ್ಯಾಡ. ಈ ಕೂಸಿಂದು ಜಾವಳ ಆಗಿಲ್ಲ. ಜಾವಳ ಮಾಡೋಣು. ಜಾವಳಕ್ಕ ಸೋದರಮಾವ ಬೇಕು."

ಮಗುವಿನ ಮೊದಲ ಕೂದಲು ತೆಗೆಯುವಾಗ ಸೋದರಮಾವನ ತೊಡೆಯ ಮೇಲೆ ಕೂರಿಸುವುದು, ಮೊದಲ ಕತ್ತರಿ ಅವನ ಕೈಯಿಂದ ಹಚ್ಚಿಸುವುದು ನಮ್ಮಲ್ಲಿಯ ಪದ್ಧತಿ. ಫೋನಿನಲ್ಲಿ ಗುರುಪಾದನಿಗೆ ಹೇಳಿದಾಗ, "ಯಾರ ಜಾವಳ ಅಂದಿ ಅಕ್ಕಾ?" ಎಂದ. ತಿರುಗಿ ಹೇಳಿದೆ. ಸ್ಟುಡಿಯೋ ಬಾಗಿಲು ಹಾಕಿ ಎರಡು ತಾಸಿನಲ್ಲಿ ಮೋಟರ್‌ಸೈಕಲ್ ಮೇಲೆ ಬಂದ, ರೆಪ್ಪೆಯ ಮೇಲೂ ಧೂಳು.

"ಬರಿಗೈಲೇ ಬಂದಿ ಏನೋ ಸೋದರಮಾವ?" ಎಂದರು ಅತ್ತೆ. "ಅಳಿಯಗ ಉಡುಗೊರಿ ಎಲ್ಲಿ?"

ಅವನು ಹೆಗಲ ಮೇಲಿನ ವಸ್ತ್ರ ತೆಗೆದು ಕೊಟ್ಟ. ಅದನ್ನೇ ಹಾಸಿದೆವು. ಗುಂಗ್ಯಾ ಅವನ ತೊಡೆಯ ಮೇಲೆ ಕೂತ, ಓಡುವ ಶಕ್ತಿ ಎಲ್ಲಿತ್ತು. ಮಾಳಪ್ಪ ಗುರುಪಾದನ ಕೈಯ ಮೇಲೆ ತನ್ನ ಕೈ ಇಟ್ಟು ಮೊದಲ ಕತ್ತರಿ ಹಚ್ಚಿಸಿದ. ಅತ್ತೆ ಕಣ್ಣು ಮುಚ್ಚಿದ್ದರು. ಕಚ್ ಎಂದ ಕೂಡಲೇ ತೆರೆದು, ನಾಯಿಯನ್ನೇ ನೋಡುತ್ತ ನಿಂತರು.

ಆಮೇಲಿನದು ಮಾಳಪ್ಪನ ಕೆಲಸ. ಅವನು ಗಂಟನ್ನು ಬಿಡಿಸಲು ಹೋಗಲಿಲ್ಲ. ಚರ್ಮವನ್ನು ಎಡಗೈಯಿಂದ ಎಳೆದು ಹಿಡಿದು, ಬುಡದಲ್ಲೇ ಕತ್ತರಿ ಆಡಿಸುತ್ತ ಹೋದ. ಕೂದಲೆಲ್ಲ ಚೂರಾಗದೆ ಕಂಬಳಿಯ ತುಂಡಿನಂತೆ ಒಂದೇ ಹಾಳೆಯಾಗಿ ಕಳಚಿ ಬಂತು. ಒಳಗಿನಿಂದ ಹೊರಬಿದ್ದ ಗುಂಗ್ಯಾ ನಾವು ಸಾಕಿದ ನಾಯಿಯ ಅರ್ಧವೂ ಇರಲಿಲ್ಲ. ಗುಲಾಬಿ ಚರ್ಮ, ಕಡ್ಡಿಯಂಥ ಕಾಲು. ಮಾಳಪ್ಪ ಬಾವಿಯ ದಂಡೆಯ ಸೀತಾಫಲದ ಗಿಡದಲ್ಲಿ ಉಳಿದಿದ್ದ ನಾಲ್ಕು ಹಸಿರೆಲೆ ತಂದು ಅರೆದು ರಸ ಹಿಂಡಿದ. ಹುಳಗಳು ಉದುರಿದವು. ಉಳಿದವನ್ನು ಅತ್ತೆ ಪಿನ್ನಿನ ತುದಿಯಿಂದ ಒಂದೊಂದಾಗಿ ತೆಗೆದರು, ಎಪ್ಪತ್ತು ದಾಟಿದ ಕಣ್ಣಿನಲ್ಲಿ.

ಜಾವಳದ ಕೂದಲನ್ನು ಹರಿಯುವ ನೀರಿಗೆ ಬಿಡಬೇಕು. ಆ ವರ್ಷ ಹರಿಯುವ ನೀರೆಲ್ಲಿ? ಹೊಲದ ಬದುವಿನಲ್ಲಿ ಕುಣಿ ತೋಡಿ ಹೂತೆವು.

ಮರುದಿನ ಬೆಳಿಗ್ಗೆ ಡಾಕ್ಟರ ಹತ್ತಿರ ಒಯ್ದೆವು. ಅವರು ಗಾಯ ತೊಳೆದು, ಸೂಜಿ ಹಾಕಿ, ಮುಲಾಮು ಕೊಟ್ಟು, "ಯಾರ್ರಿ ಕತ್ತರಿಸಿದವರು? ಕೈ ಛಲೋ ಅದ," ಎಂದರು. "ಇವನ ಸೋದರಮಾವ ರೀ," ಎಂದರು ನಮ್ಮ ಮನೆಯವರು.

ಆದರೆ ಅತ್ತೆ ಮನೆಯಲ್ಲಿ ದಿನ ಎಣಿಸುತ್ತಿದ್ದರು. ಎಣಿಸುವುದು ಬಾಯಲ್ಲಿ ಬರಲಿಲ್ಲ, ನಡೆಯಲ್ಲಿ ಕಾಣುತ್ತಿತ್ತು. ಗುಂಗ್ಯಾನ ಹಾಸಿಗೆ ತಮ್ಮ ಹಾಸಿಗೆಯ ಪಕ್ಕಕ್ಕೆ ಬಂತು. ಅರ್ಧ ರೊಟ್ಟಿ ಉಂಡು ಏಳುತ್ತಿದ್ದರು. ಹೊತ್ತು ಹೊತ್ತಿಗೆ ಅವನ ಮೂಗಿನ ಮುಂದೆ ಬೆರಳು ಹಿಡಿದು ಉಸಿರು ನೋಡುತ್ತಿದ್ದರು. ಅವನು ಹತ್ತಿಯಲ್ಲಿ ಅದ್ದಿ ಹಿಂಡಿದ ಹಾಲು ಬಿಟ್ಟರೆ ಏನೂ ಮುಟ್ಟುತ್ತಿರಲಿಲ್ಲ. ನಾಲ್ಕನೆಯ ದಿನ ಮೈ ಕಾದಿತ್ತು.

ಐದನೆಯ ದಿನ ಮಧ್ಯಾಹ್ನ ನಾನು ಕಟ್ಟೆಯ ಮೇಲೆ ಕೂತು ಕಾಜಾ ಹೊಲಿಯುತ್ತಿದ್ದೆ. ಅತ್ತೆ ಗುಂಗ್ಯಾನನ್ನು ಮಡಿಲಲ್ಲಿ ಹಾಕಿಕೊಂಡು ಗಾಯಕ್ಕೆ ಮುಲಾಮು ಸವರುತ್ತಿದ್ದರು.

"ಶಾಂತಾ, ನಮ್ಮ ಅಕ್ಕನ ಜಟಿ ಕತ್ತರಿಸಿದವರು ಯಾರು, ಗೊತ್ತೇನು?"

"ಇಲ್ರಿ. ಯಾರೋ ಅಂತ ಕೇಳೇನಿ."

"ನಾನು."

ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಅವರ ಕಡೆ ತಿರುಗಿದೆ.

"ಹನ್ನೊಂದು ವರ್ಷದಾಕಿ ನಾ. ಮಂದಿ ಎಲ್ಲಾ ಅಕಿ ಕಾಲಿಗೆ ಬೀಳ್ತಿದ್ರು. ಅಕಿ ಅಳೂದು ನಾ ಒಬ್ಬಾಕೇ ನೋಡ್ತಿದ್ದೆ. 'ತಲಿ ಸುಡ್ತದ ತಂಗಿ, ಒಳಗ ಏನೋ ಹರದಾಡ್ತದ, ಕತ್ತರಿಸಿಬಿಡು' ಅಂತಿದ್ಲು. ದನದ ಕೊಟ್ಟಿಗ್ಯಾಗ ಕೂಡಿಸಿ ಕತ್ತರಿಸ್ದೆ. 'ಈಗ ಹಗೂರಾತು ನೋಡು' ಅಂದ್ಲು ಅಕಿ. ಐದನೇ ದಿನ ಹೋದ್ಲು. ಕತ್ತರಿಸಿದವರ ಕೈ ಮುರೀಲಿ ಅಂತ ನಮ್ಮವ್ವ ಹೊಟ್ಟಿ ಬಡಕೊಂಡು ಅತ್ಲು. ನಾ ಅಕಿ ಬಾಜೂಕೇ ಕೂತಿದ್ದೆ."

ಅವರ ಕೈ ಹಿಡಿಯೋಣವೆಂದರೆ ಕೈತುಂಬ ಮುಲಾಮು.

"ಆ ಮಾಳಪ್ಪ ಹೇಳಿದ್ದು ನೀನೂ ಕೇಳಿದಿಲ್ಲ?" ಎಂದರು. "ಗಾಯ ಮೊದಲೇ ಇತ್ತು ಅಂತ?"

"ಕೇಳೇನ್ರಿ ಅತ್ತಿ. ಮೊದಲೇ ಇತ್ತ್ರಿ. ಕತ್ತರಿಯಿಂದ ಆಗಿದ್ದಲ್ರಿ ಅದು. ನೀವು ಕತ್ತರಿಸಿದ್ದಕ್ಕ ನಿಮ್ಮ ಅಕ್ಕಗ ಎರಡ ದಿನರೆ ಹಗೂರಾತು."

ಅವರು ತಲೆಯಾಡಿಸಿದರು. ಅಳಲಿಲ್ಲ. ಗುಂಗ್ಯಾನ ಬೋಳು ನೆತ್ತಿಯ ಮೇಲೆ ಅಂಗೈ ಇಟ್ಟುಕೊಂಡು ನೆರಳು ಅಂಗಳ ದಾಟುವವರೆಗೂ ಕೂತಿದ್ದರು.

ಈಗಲೂ ನಾನು ಆ ನಾಯಿಗೆ ಋಣಿ. ಭಾಲ್ಕಿಯಿಂದ ಸಂತೆ ಚೀಲದಲ್ಲಿ ಬಂದ ಒಂದು ಬೆರಕೆ ನಾಯಿಯ ಕಿವಿಯ ಹಿಂದೆ ಗಾಯವಾಗದಿದ್ದರೆ, ಅತ್ತೆ ಆ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಹೋಗುತ್ತಿದ್ದರು. ಮಾಳಪ್ಪನಿಗೂ ಋಣಿ. ಮರುವರ್ಷ ಮಳೆಯಾಗಿ, ಮಾಂಜ್ರಾದಲ್ಲಿ ಕುರಿ ತೊಳೆದು ಕತ್ತರಿಸಿದ ಉಣ್ಣೆಯ ಕಂಬಳಿಯನ್ನು ಅವನು ಅತ್ತೆಗೆ ತಂದುಕೊಟ್ಟ. ಇವತ್ತು ತೊಯ್ದದ್ದು ಅದೇ.

ಆ ಐದನೆಯ ದಿನ ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಯವರು ಅಂಗಡಿಯಿಂದ ಬಂದರು. ಬಾಗಿಲ ಸಪ್ಪಳಕ್ಕೆ ಗುಂಗ್ಯಾ ತಲೆಯೆತ್ತಿದ, ತಲೆ ನೆಟ್ಟಗಿತ್ತು. ಎದ್ದು ನಾಲ್ಕು ಹೆಜ್ಜೆ ನಡೆದು ತನ್ನ ಖಾಲಿ ಬೋಗಾಣಿಯನ್ನು ಮೂತಿಯಿಂದ ದೂಡಿದ. ಅತ್ತೆ ತಾವೇ ಎದ್ದು ಬಿಸಿ ರೊಟ್ಟಿ ಮುರಿದು ಮಜ್ಜಿಗೆಯಲ್ಲಿ ಕಿವುಚಿ ಹಾಕಿದರು. ಅದನ್ನು ಮುಗಿಸಿ ಮತ್ತೆ ದೂಡಿದ, ಮತ್ತೆ ಅರ್ಧ ಹಾಕಿದರು. ನಾವು ರೊಟ್ಟಿ, ಪುಂಡಿಪಲ್ಯ, ಒಂದೊಂದು ಹಸಿ ಉಳ್ಳಾಗಡ್ಡಿ ಉಂಡೆವು. ಅತ್ತೆ ಎರಡು ರೊಟ್ಟಿ ಉಂಡರು, ಮೇಲೆ ಒಂದು ಚೂರು ಬೆಲ್ಲ ಕೇಳಿದರು. ಕೈ ತೊಳೆದು, ಅಕ್ಕಿ ಡಬ್ಬಿಯಿಂದ ಕತ್ತರಿ ತೆಗೆದು, ಸೆರಗಿನಿಂದ ಅಕ್ಕಿಯ ಧೂಳು ಒರೆಸಿ ಮೊಳೆಗೆ ತೂಗುಹಾಕಿದರು. ನಾನು ಪಾತ್ರೆ ಎತ್ತಿಟ್ಟು ಬರುವಷ್ಟರಲ್ಲಿ ಮಲಗಿಬಿಟ್ಟಿದ್ದರು, ಬಾಯಿ ಅರ್ಧ ತೆರೆದಿತ್ತು, ಸಣ್ಣಗೆ ಗೊರಕೆ. ಗುಂಗ್ಯಾ ಅವರನ್ನು ನೋಡುತ್ತ ಇನ್ನೂ ಎಚ್ಚರವಾಗಿದ್ದ. ಮೊದಲು ಮಲಗಿದವರು ಅತ್ತೆ.